ಚೀಲದೊಳಗಿನ ಲ್ಯಾಪ್‌ಟಾಪ್ ಯಾರದು?

ಸ್ಲೇಟು, ಬಳಪ, ಕಾಂಪಾಸ್ ಪೆಟ್ಟಿಗೆ, ಅಟ್ಲಾಸ್... ಇವನ್ನೆಲ್ಲ ಮಕ್ಕಳು ಮನೆಯಿಂದ ತರುತ್ತಾರೆ. ಕರಿಹಲಗೆ, ಬೆಂಚು, ಪ್ರಯೋಗಾಲಯದ ಗಾಜಿನ ಸಾಮಾನು ಶಾಲೆಯದ್ದು. ಹಾಗಾದರೆ ಲ್ಯಾಪ್‌ಟಾಪನ್ನು ಯಾವ ಪಟ್ಟಿಗೆ ಸೇರಿಸೋಣ? ಕಾಂಪಾಸ್ ಪೆಟ್ಟಿಗೆಯ ಪಟ್ಟಿಗೋ, ಬೆಂಚಿನ ಪಟ್ಟಿಗೋ?

ಮೇಲ್ನೋಟಕ್ಕೆ ಇದು ಬರೀ ಲೆಕ್ಕಪತ್ರದ ಪ್ರಶ್ನೆ. ಆದರೆ ಮಕ್ಕಳು ತಮ್ಮದೇ ಲ್ಯಾಪ್‌ಟಾಪ್ ಹೊತ್ತು ಶಾಲೆಗೆ ಬರತೊಡಗಿದ ಮೂವತ್ತೈದು ವರ್ಷಗಳ ಇತಿಹಾಸವನ್ನು ಓದಿದರೆ, ಇಡೀ ಕಥೆ ಈ ಪ್ರಶ್ನೆಯ ಸುತ್ತಲೇ ತಿರುಗಿರುವುದು ಗೊತ್ತಾಗುತ್ತದೆ. ಗಡಿಯಾಚೆ ಕನ್ನಡ ಮಾಧ್ಯಮದಲ್ಲಿ ಕಲಿಸುವ, ಕಲಿಯುವ ನಮಗೂ ಈ ಪ್ರಶ್ನೆ ದೂರದ್ದಲ್ಲ.

ಯಂತ್ರಕ್ಕಿಂತ ಮೊದಲು ಹುಟ್ಟಿದ್ದು ಅದರ ಕಲ್ಪನೆ. 1972ರಲ್ಲಿ ಅಮೆರಿಕದ ಝೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿದ್ದ ಅಲನ್ ಕೇ ಎಂಬವರು ‘ಡೈನಾಬುಕ್’ ಎಂಬ ಸಾಧನವನ್ನು ವರ್ಣಿಸಿ ಒಂದು ಪ್ರಬಂಧ ಬರೆದರು. ನೋಟುಪುಸ್ತಕದ ಗಾತ್ರ, ಮಗು ಎತ್ತಿಕೊಂಡು ಹೋಗಬಹುದಾದಷ್ಟು ಭಾರ, ಓದುವುದಕ್ಕೂ ಬರೆಯುವುದಕ್ಕೂ ಚಿತ್ರ ಬಿಡಿಸುವುದಕ್ಕೂ ಒಂದೇ ಯಂತ್ರ. ಅಂಥದ್ದು ಆಗ ಎಲ್ಲಿಯೂ ಇರಲಿಲ್ಲ. ಕೇ ಅವರ ಕೈಯಲ್ಲಿದ್ದದ್ದು ರಟ್ಟಿನ ಒಂದು ಮಾದರಿ ಮಾತ್ರ!

ಕೇ ಅವರಿಗೆ ಸ್ಫೂರ್ತಿ ಕೊಟ್ಟವರಲ್ಲಿ ಒಬ್ಬರು ಸೆಮೋರ್ ಪ್ಯಾಪರ್ಟ್. ದಕ್ಷಿಣ ಆಫ್ರಿಕದಲ್ಲಿ ಹುಟ್ಟಿದ ಗಣಿತಜ್ಞ. ಜಿನೀವಾದಲ್ಲಿ ಪಿಯಾಜೆಯವರ ಜತೆ ಕೆಲಸ ಮಾಡಿ ಆಮೇಲೆ ಅಮೆರಿಕದ ಎಂ.ಐ.ಟಿ. ಸೇರಿದವರು. (ಬಿ.ಎಡ್. ಮಾಡಿದವರಿಗೆಲ್ಲ ಪಿಯಾಜೆ ಹೆಸರು ನೆನಪಿದ್ದೇ ಇರುತ್ತದೆ!) 1967ರಲ್ಲಿ ಪ್ಯಾಪರ್ಟ್ ಮತ್ತು ಸಂಗಡಿಗರು ಮಕ್ಕಳಿಗಾಗಿ ‘ಲೋಗೋ’ ಎಂಬ ಕಂಪ್ಯೂಟರ್ ಭಾಷೆ ರೂಪಿಸಿದರು. ಮುಂದೆ ಹೋಗು, ಬಲಕ್ಕೆ ತಿರುಗು ಎಂದು ಆಮೆಗೆ ಆಜ್ಞೆ ಕೊಡುತ್ತಾ ಮಗು ರೇಖಾಗಣಿತ ಕಲಿಯುತ್ತದೆ. ಕಂಪ್ಯೂಟರ್ ಮಗುವಿಗೆ ಪಾಠ ಹೇಳುವುದಲ್ಲ, ಮಗುವೇ ಕಂಪ್ಯೂಟರಿಗೆ ಪಾಠ ಹೇಳಬೇಕು ಎಂಬುದು ಅವರ ವಾದವಾಗಿತ್ತು.

ಪ್ಯಾಪರ್ಟ್ ಪೆನ್ಸಿಲಿನ ಹೋಲಿಕೆಯೊಂದನ್ನು ಕೊಡುತ್ತಿದ್ದರು. ಶಾಲೆಯ ಒಂದು ಕೋಣೆಯಲ್ಲಿ ಕೆಲವು ಪೆನ್ಸಿಲ್ ಇಟ್ಟು, ವಾರಕ್ಕೊಮ್ಮೆ ಮಕ್ಕಳನ್ನು ಅಲ್ಲಿಗೆ ಕರೆದೊಯ್ದರೆ ಅವರು ಬರೆಯಲು ಕಲಿತಾರೆಯೇ? ಕಲಿಯದಿದ್ದರೆ ಅದು ಪೆನ್ಸಿಲಿನ ತಪ್ಪೇ? ಕಂಪ್ಯೂಟರ್ ಲ್ಯಾಬಿನ ಪೀರಿಯಡ್ ಮುಗಿಯುವ ಹೊತ್ತಿಗೆ ಮೂವರಲ್ಲಿ ಒಬ್ಬನ ಕೈಗೆ ಮಾತ್ರ ಮೌಸ್ ಸಿಕ್ಕಿರುವುದನ್ನು ಕಂಡ ಅಧ್ಯಾಪಕರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ.

ಈ ಕಲ್ಪನೆ ಒಂದು ಶಾಲೆಯಲ್ಲಿ ನಿಜವಾದದ್ದು ಆಸ್ಟ್ರೇಲಿಯದಲ್ಲಿ. ಮೆಲ್ಬರ್ನ್ ನಗರದ ಕ್ಯೂ ಬಡಾವಣೆಯಲ್ಲಿ ಮೆಥಡಿಸ್ಟ್ ಲೇಡೀಸ್ ಕಾಲೇಜ್ ಎಂಬ ಹೆಣ್ಣುಮಕ್ಕಳ ಶಾಲೆ ಇದೆ. ಹೆಸರು ಕಾಲೇಜ್ ಆದರೂ ಅದು ಶಾಲೆಯೇ, ಆರಂಭವಾದದ್ದು 1882ರಲ್ಲಿ. ಅಲ್ಲಿ ಮುಖ್ಯಸ್ಥರಾಗಿದ್ದ ಡೇವಿಡ್ ಲೋಡರ್ 1990ರಲ್ಲಿ ಐದನೇ ತರಗತಿಯ ಪ್ರತಿಯೊಬ್ಬ ಹುಡುಗಿಯೂ ತನ್ನದೇ ಲ್ಯಾಪ್‌ಟಾಪ್ ತರುವ ವ್ಯವಸ್ಥೆ ಮಾಡಿದರು. ಆ ಮಕ್ಕಳು ಮೇಲಿನ ತರಗತಿಗೆ ಏರಿದಂತೆ ಲ್ಯಾಪ್‌ಟಾಪ್ ಕೂಡ ಹೈಸ್ಕೂಲಿಗೆ ನಡೆದು ಬಂತು.

ಆ ಕಾಲದ ಲ್ಯಾಪ್‌ಟಾಪ್ ಎಂದರೆ ಈಗಿನದ್ದಲ್ಲ! ಉದಾಹರಣೆಗೆ, 1987ರಲ್ಲಿ ಬಂದ ತೊಷಿಬಾ ಟಿ1000 ಎಂಬುದರ ತೂಕ ಹತ್ತಿರ ಹತ್ತಿರ ಮೂರು ಕಿಲೋ. ಪರದೆಗೆ ಬಣ್ಣವಿಲ್ಲ, ಹಾರ್ಡ್ ಡಿಸ್ಕ್ ಇಲ್ಲ, ನೆನಪಿನ ಸಾಮರ್ಥ್ಯ 512 ಕಿಲೋಬೈಟ್. ಇಂದಿನ ಫೋನಿನ ಒಂದು ಫೋಟೋ ಕೂಡ ಅದರಲ್ಲಿ ಹಿಡಿಯದು. ಅಂತರ್ಜಾಲದ ಮಾತಂತೂ ಇಲ್ಲವೇ ಇಲ್ಲ. ಆದರೂ ಮೆಲ್ಬರ್ನಿನ ಹುಡುಗಿಯರು ಲೋಗೋದಲ್ಲಿ ಆಟ ಕಟ್ಟಿದರು, ಕಥೆ ಬರೆದು ಚಿತ್ರ ಕೂಡಿಸಿದರು. ಶಾಲೆಯಲ್ಲಿ ಅರ್ಧ ಮಾಡಿದ್ದನ್ನು ಮನೆಯಲ್ಲಿ ಮುಂದುವರಿಸಿದರು. ಅವರ ಅಧ್ಯಾಪಕರೂ ಕಮ್ಮಟಗಳಲ್ಲಿ ಕೂತು ಲೋಗೋ ಕಲಿತರು. ‘ಇದು ನನ್ನದು, ನಾಳೆಯೂ ನನ್ನ ಕೈಯಲ್ಲೇ ಇರುತ್ತದೆ’ ಎಂಬ ಭರವಸೆಯೇ ಇಲ್ಲಿ ಮುಖ್ಯವಾಗಿತ್ತು.

ಆದರೆ ಒಂದು ವಿಷಯ ಮರೆಯುವಂತಿಲ್ಲ. ಅದು ಶುಲ್ಕ ಕೊಟ್ಟು ಓದುವ ಖಾಸಗಿ ಶಾಲೆ. ಲ್ಯಾಪ್‌ಟಾಪಿನ ಹಣ ಕೊಟ್ಟವರು ಹೆತ್ತವರು. ಇತಿಹಾಸದ ಮೊದಲ ಪುಟದಲ್ಲಿ ಲ್ಯಾಪ್‌ಟಾಪ್ ಸೇರಿದ್ದು ಕಾಂಪಾಸ್ ಪೆಟ್ಟಿಗೆಯ ಪಟ್ಟಿಗೆ.

ಮೆಲ್ಬರ್ನಿನ ಸುದ್ದಿ ಅಮೆರಿಕಕ್ಕೂ ಹೋಯಿತು. 1996ರಲ್ಲಿ ಮೈಕ್ರೋಸಾಫ್ಟ್ ಮತ್ತು ತೊಷಿಬಾ ಕಂಪನಿಗಳು ಸೇರಿ ಅಲ್ಲಿನ ಶಾಲೆಗಳಲ್ಲಿ ಇಂಥದೇ ಕಾರ್ಯಕ್ರಮ ಆರಂಭಿಸಿದವು. ಆಗ ಸಹಜವಾಗಿಯೇ ಒಂದು ಪ್ರಶ್ನೆ ಎದ್ದಿತು: ಕೊಳ್ಳಲಾಗದ ಮನೆಯ ಮಗು ಏನು ಮಾಡಬೇಕು? ಇದಕ್ಕೆ ಉತ್ತರ ಕೊಡಲು ಹೊರಟದ್ದು ಮೇಯ್ನ್ ಎಂಬ ರಾಜ್ಯ. ಅಲ್ಲಿನ ಗವರ್ನರ್ ಆ್ಯಂಗಸ್ ಕಿಂಗ್ ಅವರ ಯೋಜನೆಯಂತೆ 2002ರಲ್ಲಿ ಸರಕಾರಿ ಶಾಲೆಗಳ ಏಳನೇ ತರಗತಿಯ ಸುಮಾರು 17 ಸಾವಿರ ಮಕ್ಕಳಿಗೆ, ಮರುವರ್ಷ ಎಂಟನೇ ತರಗತಿಗೂ ರಾಜ್ಯವೇ ಲ್ಯಾಪ್‌ಟಾಪ್ ಒದಗಿಸಿತು. ಶ್ರೀಮಂತ ಊರು, ಬಡ ಊರು ಎಂಬ ಭೇದವಿಲ್ಲ. ಹೀಗೆ ಲ್ಯಾಪ್‌ಟಾಪ್ ಬೆಂಚಿನ ಪಟ್ಟಿಗೆ ಬಂತು.

ಎಲ್ಲ ಕಡೆಯೂ ಕಥೆ ಸುಖಾಂತವಾಗಲಿಲ್ಲ. ನ್ಯೂಯಾರ್ಕ್ ರಾಜ್ಯದ ಲಿವರ್‌ಪೂಲ್ ಎಂಬಲ್ಲಿನ ಶಾಲಾ ಆಡಳಿತ ತನ್ನ ಹೈಸ್ಕೂಲಿನ ಲ್ಯಾಪ್‌ಟಾಪ್ ಕಾರ್ಯಕ್ರಮವನ್ನು ನಿಲ್ಲಿಸಲು 2007ರಲ್ಲಿ ತೀರ್ಮಾನಿಸಿತು. ಯಂತ್ರಗಳು ಕೆಡುತ್ತಿದ್ದವು, ಮಕ್ಕಳು ಬೇಡದ್ದಕ್ಕೆಲ್ಲ ಬಳಸುತ್ತಿದ್ದರು, ಅಂಕಗಳಲ್ಲಿ ಏರಿಕೆ ಕಾಣಲಿಲ್ಲ. ಪೆರು ದೇಶದಲ್ಲಿ ಹಳ್ಳಿಶಾಲೆಗಳಿಗೆ ಹಂಚಿದ ಅಗ್ಗದ ಲ್ಯಾಪ್‌ಟಾಪುಗಳ ಬಗ್ಗೆ 2012ರಲ್ಲಿ ಬಂದ ಅಧ್ಯಯನವೂ ಅದನ್ನೇ ಹೇಳಿತು: ಗಣಿತ, ಭಾಷೆಯ ಪರೀಕ್ಷೆಗಳಲ್ಲಿ ಸುಧಾರಣೆಗೆ ಪುರಾವೆ ಇಲ್ಲ. ಯೋಚನಾ ಸಾಮರ್ಥ್ಯದ ಕೆಲವು ಪರೀಕ್ಷೆಗಳಲ್ಲಿ ಮಾತ್ರ ಸ್ವಲ್ಪ ಲಾಭ ಕಂಡಿತು. ಯಂತ್ರ ಕೊಟ್ಟ ಮಾತ್ರಕ್ಕೆ ಪಾಠ ಬದಲಾಗದು. ಮೆಲ್ಬರ್ನಿನ ಅಧ್ಯಾಪಕರು ಕಮ್ಮಟದಲ್ಲಿ ಕಳೆದ ದಿನಗಳಿಗೆ ಎಷ್ಟು ಬೆಲೆ ಎಂಬುದು ಇಲ್ಲಿ ತಿಳಿಯುತ್ತದೆ.

ಇನ್ನು ಆಸ್ಟ್ರೇಲಿಯಕ್ಕೇ ಮರಳೋಣ. 2007ರ ಚುನಾವಣೆಯಲ್ಲಿ ಕೆವಿನ್ ರಡ್ ಅವರ ಪಕ್ಷ 9ರಿಂದ 12ನೇ ತರಗತಿಯವರೆಗೆ ಪ್ರತಿ ವಿದ್ಯಾರ್ಥಿಗೊಂದು ಕಂಪ್ಯೂಟರ್ ಎಂಬ ಭರವಸೆ ಕೊಟ್ಟಿತು. 2008ರಲ್ಲಿ ಕೇಂದ್ರ ಸರಕಾರದ ಯೋಜನೆಯೂ ಬಂತು. ಒಟ್ಟು ವೆಚ್ಚ ಇನ್ನೂರು ಕೋಟಿ ಡಾಲರಿಗೂ ಹೆಚ್ಚು. ಆದರೆ 2013ರಲ್ಲಿ ಆ ಹಣ ನಿಂತಿತು. ಲ್ಯಾಪ್‌ಟಾಪುಗಳಿಗೆ ವಯಸ್ಸಾಗುತ್ತಿತ್ತು, ಹೊಸದಕ್ಕೆ ದುಡ್ಡಿರಲಿಲ್ಲ. ಆಗ ಅನೇಕ ಶಾಲೆಗಳು ಹಿಡಿದ ದಾರಿಗೆ ಬಿ.ವೈ.ಒ.ಡಿ. ಎಂದು ಹೆಸರು. ‘ನಿನ್ನ ಸಾಧನ ನೀನೇ ತಾ’ ಎಂದರ್ಥ. ಖಾಸಗಿ ಶಾಲೆಯಲ್ಲಿ ಶುರುವಾದದ್ದು ಸರಕಾರದ ಕೈ ಹಿಡಿದು ನಡೆದು, ಕೊನೆಗೆ ಸಾಮಾನ್ಯ ಶಾಲೆಯ ಹೆತ್ತವರ ಹೆಗಲೇರಿತು!

ಇದೇ ವರ್ಷಗಳಲ್ಲಿ ನಮ್ಮ ಕೇರಳ ಬೇರೊಂದು ದಾರಿಯಲ್ಲಿತ್ತು. ಪ್ರೊ. ಯು. ಆರ್. ರಾವ್ ಅವರ ನೇತೃತ್ವದ ಸಮಿತಿಯ ಶಿಫಾರಸಿನಂತೆ 2001ರಲ್ಲಿ ‘ಐಟಿ ಅಟ್ ಸ್ಕೂಲ್’ ಯೋಜನೆ ಹುಟ್ಟಿತು. ಹೌದು, ಉಡುಪಿಯ ಅದಮಾರಿನಲ್ಲಿ ಹುಟ್ಟಿ ಇಸ್ರೋದ ಅಧ್ಯಕ್ಷರಾಗಿದ್ದ ಅದೇ ರಾವ್ ಅವರು. 2005ರಿಂದ ಎಸ್.ಎಸ್.ಎಲ್.ಸಿ.ಯಲ್ಲಿ ಐಟಿ ಪರೀಕ್ಷೆಯ ವಿಷಯವಾಯಿತು. ಶಾಲೆಗಳು ಕ್ರಮೇಣ ಸ್ವತಂತ್ರ ತಂತ್ರಾಂಶಕ್ಕೆ, ಲಿನಕ್ಸಿಗೆ ಬಂದವು. ಪಠ್ಯಪುಸ್ತಕ ಕನ್ನಡದಲ್ಲೂ ಬಂತು. 2017ರಲ್ಲಿ ಯೋಜನೆಯು ‘ಕೈಟ್’ ಎಂಬ ಸಂಸ್ಥೆಯಾಯಿತು. 8ರಿಂದ 12ರವರೆಗಿನ 45 ಸಾವಿರ ತರಗತಿ ಕೋಣೆಗಳಿಗೆ ಲ್ಯಾಪ್‌ಟಾಪ್, ಪ್ರೊಜೆಕ್ಟರ್ ತಲುಪಿಸುವ ಕೆಲಸ ನಡೆಯಿತು. ಮಗುವಿಗೊಂದಲ್ಲ, ಕೋಣೆಗೊಂದು. ಅಪ್ಪಟ ಬೆಂಚಿನ ಪಟ್ಟಿ! ಎಲ್ಲರಿಗೂ ಸಮಾನ, ಆದರೆ ಯಾರ ಚೀಲದಲ್ಲೂ ಇಲ್ಲ.

ಆ ‘ಚೀಲದಲ್ಲಿಲ್ಲ’ ಎಂಬುದು ಏನೆಂದು ನಮಗೆ ಅರಿವಾದದ್ದು 2020ರಲ್ಲಿ. ಕೋಣೆಗೆ ಬೀಗ ಬಿತ್ತು. ಲ್ಯಾಪ್‌ಟಾಪ್ ಒಳಗೆ, ಮಗು ಹೊರಗೆ. ಜೂನ್ 1ರಂದು ವಿಕ್ಟರ್ಸ್ ಚಾನೆಲಿನಲ್ಲಿ ‘ಫಸ್ಟ್ ಬೆಲ್’ ಪಾಠಗಳು ಶುರುವಾದವು. ಕನ್ನಡ ಮಾಧ್ಯಮಕ್ಕೂ ಪಾಠಗಳನ್ನು ಬೇರೆಯಾಗಿ ಸಿದ್ಧಪಡಿಸಿ ಯೂಟ್ಯೂಬಿಗೆ ಏರಿಸಲಾಯಿತು. ಆದರೆ ರಾಜ್ಯದಲ್ಲಿ ಸುಮಾರು 2.6 ಲಕ್ಷ ಮಕ್ಕಳ ಮನೆಯಲ್ಲಿ ಟಿವಿಯಾಗಲಿ ಇಂಟರ್ನೆಟ್ಟಾಗಲಿ ಇಲ್ಲವೆಂದು ಆಗಿನ ಸಮೀಕ್ಷೆ ಹೇಳಿತು. ಸರಕಾರ ಕುಟುಂಬಶ್ರೀ ಮೂಲಕ ತಿಂಗಳಿಗೆ 500 ರೂಪಾಯಿ ಕಂತಿನಲ್ಲಿ ಲ್ಯಾಪ್‌ಟಾಪ್ ಕೊಡುವ ‘ವಿದ್ಯಾಶ್ರೀ’ ಯೋಜನೆ ತಂದಿತು. 2021ರಲ್ಲಿ ‘ವಿದ್ಯಾಕಿರಣಂ’ ಬಂತು. ಮೂವತ್ತು ವರ್ಷ ಮೊದಲು ಮೆಲ್ಬರ್ನಿನಲ್ಲಿ ಹೆತ್ತವರ ಮುಂದಿದ್ದ ಪ್ರಶ್ನೆ ಹೀಗೆ ತೋಟದ ಕೆಲಸಕ್ಕೆ, ಬೀಡಿ ಕಟ್ಟುವುದಕ್ಕೆ ಹೋಗುವ ಅಮ್ಮಂದಿರ ಮುಂದೆಯೂ ಬಂದು ನಿಂತಿತು.

ನಮಗೆ ಇನ್ನೂ ಒಂದು ತೊಡಕಿದೆ, ಅದು ಭಾಷೆಯದ್ದು. ಮೆಲ್ಬರ್ನಿನ ಹುಡುಗಿ ಲ್ಯಾಪ್‌ಟಾಪ್ ತೆರೆದರೆ ಅದು ಅವಳ ಮನೆಮಾತಿನಲ್ಲೇ ತೆರೆದುಕೊಂಡಿತು. ಕನ್ನಡಕ್ಕೆ 1991ರಲ್ಲೇ ಯೂನಿಕೋಡಿನಲ್ಲಿ ಜಾಗ ಸಿಕ್ಕಿತಾದರೂ, ವಿಂಡೋಸಿನಲ್ಲಿ ಕನ್ನಡ ಬರಲು 2001ರ ಎಕ್ಸ್‌ಪಿ ವರೆಗೆ ಕಾಯಬೇಕಾಯಿತು. ಈಗಲೂ ಮನೆಯಿಂದ ತಂದ ಹತ್ತು ಲ್ಯಾಪ್‌ಟಾಪುಗಳಲ್ಲಿ ಹತ್ತು ಬಗೆ ಇರಬಹುದು. ಒಂದರಲ್ಲಿ ಹಳೆಯ ಅಕ್ಷರಶೈಲಿಯಲ್ಲಿ ಟೈಪು ಮಾಡಿದ ಪ್ರಬಂಧ ಶಾಲೆಯ ಲಿನಕ್ಸಿನಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಮತ್ತೊಂದರಲ್ಲಿ ಕನ್ನಡ ಕೀಲಿಮಣೆಯೇ ಹಾಕಿರುವುದಿಲ್ಲ. ಆಗ ಮಗು ಏನು ಮಾಡುತ್ತದೆ? ಸುಲಭವಾದ ಇಂಗ್ಲಿಷಿಗೆ ಹೊರಳುತ್ತದೆ. ‘ನಿನ್ನ ಸಾಧನ ನೀನೇ ತಾ’ ಎಂದರೆ, ನಮ್ಮಲ್ಲಿ ‘ನಿನ್ನ ಭಾಷೆಯನ್ನೂ ನೀನೇ ನೋಡಿಕೋ’ ಎಂದು ಹೇಳಿದಂತೆಯೇ ಆಗುತ್ತದೆ.

ಹಾಗಾದರೆ ಯಾವ ಪಟ್ಟಿ? ನನಗನಿಸುವುದು ಇಷ್ಟು. ಮಗುವಿನ ಕೈಯಲ್ಲಿ, ರಾತ್ರಿ ಮನೆಯಲ್ಲೂ ಇರಬೇಕು ಎಂಬ ಪ್ಯಾಪರ್ಟ್, ಲೋಡರ್ ಅವರ ಮಾತು ಸರಿ. ಅದರ ಹಣ ಮಗುವಿನ ಮನೆಯಿಂದ ಬರಬಾರದು ಎಂಬ ಮೇಯ್ನ್ ರಾಜ್ಯದ ಮಾತೂ ಸರಿ. ಇವೆರಡೂ ಕೂಡುವ ಮೂರನೆಯ ಪಟ್ಟಿಯೊಂದು ಪ್ರತಿ ಶಾಲೆಯಲ್ಲೂ ಮೊದಲೇ ಇದೆ. ಅದು ಗ್ರಂಥಾಲಯದ ಪುಸ್ತಕದ ಪಟ್ಟಿ! ಸೊತ್ತು ಶಾಲೆಯದ್ದು, ಚೀಲ ಮಗುವಿನದ್ದು. ರಿಜಿಸ್ಟರಿನಲ್ಲಿ ಸಹಿ ಹಾಕಿ ಒಯ್ದು, ಟರ್ಮ್ ಮುಗಿದಾಗ ಮರಳಿಸುವುದು. ಶಾಲೆಯೇ ಕೊಡುವುದರಿಂದ ಪ್ರತಿಯೊಂದರಲ್ಲೂ ಒಂದೇ ತಂತ್ರಾಂಶ, ಒಂದೇ ಯೂನಿಕೋಡ್ ಕನ್ನಡ, ಒಂದೇ ಕೀಲಿಮಣೆ ಹಾಕಿಡಬಹುದು. ಹತ್ತು ಲ್ಯಾಪ್‌ಟಾಪ್ ಇದ್ದರೂ ಸಾಕು, ಸರದಿಯಂತೆ ಎಲ್ಲರ ಮನೆಗೂ ಹೋಗಿಬರುತ್ತವೆ.

ಮುಂದಿನ ಪಿ.ಟಿ.ಎ. ಸಭೆಯಲ್ಲಿ ‘ಮಕ್ಕಳಿಗೆ ಲ್ಯಾಪ್‌ಟಾಪ್ ತರಲು ಹೇಳೋಣವೇ’ ಎಂಬ ಮಾತು ಬಂದರೆ, ದಯವಿಟ್ಟು ಮೊದಲು ‘ಯಾರ ಲ್ಯಾಪ್‌ಟಾಪ್, ಯಾವ ಭಾಷೆಯ ಲ್ಯಾಪ್‌ಟಾಪ್’ ಎಂದು ಕೇಳಿ. ನಿಮ್ಮ ಶಾಲೆಯಲ್ಲಿ ಏನಾಗಿದೆ? ಏನಂತೀರಿ?