ಪವಿತ್ರ ಹೃದಯದ ಅರಿವು: ಶಿವಮೊಗ್ಗ, ಭದ್ರಾವತಿ

ಯೇಸುವಿನ ಪವಿತ್ರ ಹೃದಯದ ಭಕ್ತಿ ಧರ್ಮಸಭೆಯಲ್ಲಿ ವ್ಯಾಪಿಸಿದ್ದು ಸಂತ ಮಾರ್ಗರೇಟ್ ಮೇರಿ ಅಲಕೋಕ್ ಅವರು ಫ್ರಾನ್ಸಿನಲ್ಲಿ 1673-75ರ ನಡುವೆ ಪಡೆದ ದರ್ಶನಗಳಿಂದ. 1988ರಲ್ಲಿ ಸ್ಥಾಪಿತವಾದ ಶಿವಮೊಗ್ಗ ಧರ್ಮಪ್ರಾಂತ್ಯದ ಪ್ರಧಾನಾಲಯವೂ ಆ ಹೃದಯಕ್ಕೇ ಸಮರ್ಪಿತ.

1899ರಲ್ಲಿ ಜಗದ್ಗುರು ಹದಿಮೂರನೆಯ ಲಿಯೋ ಅನುಮೋದಿಸಿದ ಪ್ರಾರ್ಥನಾಮಾಲೆ ಆ ಹೃದಯವನ್ನು ಪ್ರೀತಿಯ ಕುಲುಮೆಗೆ ಹೋಲಿಸುತ್ತದೆ. 1923ರಿಂದ ಇದ್ದಿಲ ಬೆಂಕಿಯಲ್ಲಿ ಅದಿರು ಕರಗಿಸಿದ ಭದ್ರಾವತಿಗೆ ಈ ಹೋಲಿಕೆಯನ್ನು ವಿವರಿಸಬೇಕಿಲ್ಲ: ಕುಲುಮೆಯ ಕಾವು ಬಳಿ ನಿಂತವನಿಗಷ್ಟೇ ತಿಳಿಯುತ್ತದೆ.

2023ರಲ್ಲಿ ಆ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ ಹೊರಬಿದ್ದಾಗ ಕಾರ್ಮಿಕರು ಬೀದಿಗಿಳಿದರು. ಕೆಲಸ ಕಳೆದುಕೊಳ್ಳುವವನ ಮುಂದೆ ದೈವಪ್ರೀತಿಯ ಸಿದ್ಧಾಂತವಷ್ಟೇ ಸಾಲದು. ಈಟಿಯಿಂದ ಇರಿಯಲ್ಪಟ್ಟ ಹೃದಯವನ್ನು ಬಲ್ಲವನು ಅಂಥವನ ಮನೆಬಾಗಿಲಿಗೆ ಹೋಗುತ್ತಾನೆ. ಆ ಪ್ರೀತಿಯ ಅರಿವು ಅವನಲ್ಲಿ ಬೆಳೆಯುವುದೂ ಅಲ್ಲಿಯೇ.