ಮೂಲಂಗಿಯ ಸಾಲ: ಜಿಂಕೆಮೇವಿನ ತಾಕುಗಳಲ್ಲಿ ಸಾರಜನಕದ ಗತಿ

ಪೈರನ್ನು ಜಿಂಕೆಗಳಿಂದ ಕಾಯಲೆಂದು ಅಟ್ಟಣೆ ಕಟ್ಟಿ ಇರುಳೆಲ್ಲ ಎಚ್ಚತ್ತಿರುವ ನಮ್ಮ ಕಾಡಂಚಿನ ರೈತನಿಗೆ, ಜಿಂಕೆಗಳು ಮೇಯಲೆಂದೇ ಉತ್ತು ಬಿತ್ತುವವರುಂಟೆಂದರೆ ಅದು ಪರಿಹಾಸದಂತೆ ತೋರೀತು. ಅಮೆರಿಕ ಸಂಯುಕ್ತ ಸಂಸ್ಥಾನದ ಪೂರ್ವಪ್ರಾಂತಗಳಲ್ಲಿ ಮಾತ್ರ, ಬಿಳಿಬಾಲದ ಜಿಂಕೆಗಳನ್ನು ಬೇಟೆಗಾಗಿ ಪೋಷಿಸುವ ಭೂಮಾಲೀಕರು ಕಾಡಿನ ತೆರಪುಗಳಲ್ಲಿ ಮೇವಿನ ತಾಕುಗಳನ್ನು ಬೆಳೆಸುವುದು ರೂಢಿಯಾಗಿದ್ದು, ಜಪಾನಿನ ಡೈಕಾನ್ ವರ್ಗದ ನೀಳವಾದ ಬಿಳಿಯ ಮೂಲಂಗಿಯು ಅವುಗಳಲ್ಲಿ ಮೇವೂ ಮಣ್ಣಿನ ಔಷಧವೂ ಎಂದು ಪ್ರಶಂಸೆ ಪಡೆದಿದೆ. ಈ ಪ್ರಶಂಸೆಯ ಉತ್ತರಾರ್ಧವನ್ನು ಪರೀಕ್ಷಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೇರಿಲ್ಯಾಂಡಿನಂತಹ ಸೀಮೆಯಲ್ಲಿ ಆಗಸ್ಟ್ ತಿಂಗಳ ಕೊನೆಗೆ, ಎಕರೆಗೆ ಸುಮಾರು 4 ಕಿಲೋಗ್ರಾಂ ಬೀಜವನ್ನು ಅರ್ಧ ಅಂಗುಲಕ್ಕೆ ಮೀರದ ಆಳದಲ್ಲಿ ಬಿತ್ತಿದರೆ, ಕೆಲವೇ ವಾರಗಳಲ್ಲಿ ಎಲೆಗಳು ನೆಲವನ್ನು ಮುಚ್ಚಿ ಕಳೆಗೆ ಬೆಳಕಿಲ್ಲದಂತೆ ಮಾಡುತ್ತವೆ. ಗೆಡ್ಡೆಯ ಹೆಗಲು ಮಣ್ಣಿನಿಂದ ಮೇಲೆದ್ದು ನಿಲ್ಲುವುದು. ಅದರ ತುದಿಯಿಂದ ಇಳಿಯುವ ನೂಲಿನಂತಹ ಬೇರು ಗಟ್ಟಿಪದರವನ್ನು ಸೀಳಿಕೊಂಡು ಬಹುದೂರ ಸಾಗುವುದು. ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ರೇ ವೈಲ್ ಮತ್ತು ಗುಯ್‌ಹುವಾ ಚೆನ್ ಅವರು 2010ರಲ್ಲಿ ಪ್ರಕಟಿಸಿದ ಅಧ್ಯಯನವು, ಅದುಮಿದ ಮಣ್ಣನ್ನು ಭೇದಿಸುವುದರಲ್ಲಿ ಮೂಲಂಗಿಯ ಬೇರು ರೈ ಧಾನ್ಯದ ಬೇರಿಗಿಂತ ಸಮರ್ಥವೆಂಬುದನ್ನು ತೋರಿಸಿತು.

ಈ ಬೇರು ಕೆಳಪದರಗಳ ನೈಟ್ರೇಟನ್ನು, ಅದು ಅಂತರ್ಜಲಕ್ಕೆ ಇಳಿದುಹೋಗುವ ಮುನ್ನವೇ ಹೀರಿ ಮೇಲೆತ್ತುತ್ತದೆ. ಆದರೆ ಅದನ್ನು ಬಹುಕಾಲ ಹಿಡಿದಿಟ್ಟುಕೊಳ್ಳಲಾರದು. ಉಷ್ಣತೆಯು ಕೆಲವು ರಾತ್ರಿ ಸೊನ್ನೆಗಿಂತ 7 ಡಿಗ್ರಿ ಸೆಲ್ಸಿಯಸ್‌ ಕೆಳಗಿಳಿದರೆ ಗಿಡ ಸಾಯುತ್ತದೆ. ನಾರು ಕಡಮೆಯಾದ ಅದರ ಒಡಲು ಬಿಸಿಲೇರಿದ ದಿನಗಳಲ್ಲಿ ಬಲುಬೇಗ ಕೊಳೆತು, ಅಡುಗೆ ಅನಿಲ ಸೋರುತ್ತಿದೆಯೋ ಎಂಬ ಶಂಕೆ ಹುಟ್ಟಿಸುವಷ್ಟು ದುರ್ವಾಸನೆ ಬೀರಿ, ಗೆಡ್ಡೆ ಇದ್ದೆಡೆ ಗುಳಿಯನ್ನಷ್ಟೇ ಉಳಿಸುತ್ತದೆ. ಗುಳಿಯಲ್ಲಿ ಮಳೆನೀರು ಇಂಗುವುದು ನಿಜ. ಬಿಡುಗಡೆಯಾದ ಸಾರಜನಕವನ್ನು ಹೀರಲು ಜೀವಂತವಾದ ಬೇರೊಂದು ಅಲ್ಲಿಲ್ಲದಿದ್ದರೆ, ಆ ನೀರಿನೊಡನೆಯೇ ಅದೂ ಇಳಿದುಹೋಗುವುದೂ ಅಷ್ಟೇ ನಿಜ. ಮೂಲಂಗಿಯು ಮಣ್ಣಿಗೆ ಮಾಡುವ ಉಪಕಾರವು ಕೆಲವೇ ತಿಂಗಳ ಸಾಲವೆಂದು ನಾನು ಹೇಳುವುದು ಈ ಕಾರಣದಿಂದ.

ಜಿಂಕೆಯ ಹಲ್ಲು ಈ ಲೆಕ್ಕವನ್ನು ಇನ್ನಷ್ಟು ತೊಡಕಾಗಿಸುತ್ತದೆ. ಎಳೆಯ ಎಲೆಗಳನ್ನೇ ಅತಿಯಾಗಿ ಮೇದರೆ ಗೆಡ್ಡೆ ಬಲಿಯದು, ಬೇರು ಆಳಕ್ಕಿಳಿಯದು; ಸಣ್ಣ ತಾಕಿನಲ್ಲಿ ಹೀಗಾಗುವುದು ಸಾಮಾನ್ಯ. ಹೊಸ ಮೇವನ್ನು ಗುರುತಿಸದೆ ಮೊದಲ ವರ್ಷ ಮೂಸಿಯೂ ನೋಡದೆ ಹೋಗುವ ಹಿಂಡುಗಳೂ ಉಂಟು. ಚಳಿ ಬಿದ್ದು ಸಿಹಿಯೇರಿದ ತರುವಾಯ ನೆಲದ ಮೇಲಣ ಹೆಗಲನ್ನು ಕೆರೆದು ಕೆರೆದು, ಬಟ್ಟಲಿನಂತೆ ಟೊಳ್ಳುಮಾಡಿ ಬಿಟ್ಟಿರುವ ಗೆಡ್ಡೆಗಳು ಹಿಮದ ನಡುವೆ ಕಾಣಸಿಗುತ್ತವೆ.

ವರ್ಷವರ್ಷವೂ ಅದೇ ತಾಕಿನಲ್ಲಿ ಮೂಲಂಗಿಯನ್ನೇ ಬಿತ್ತಿದರೆ ಗಂಟುಬೇರಿನ ರೋಗ ತಗಲುವ ಭಯವುಂಟು. ಸಾಸಿವೆಯ ಕುಲದ ಈ ಗಿಡವು ಬೇರುಸಹವಾಸಿ ಶಿಲೀಂಧ್ರಗಳನ್ನೂ ಪೋಷಿಸದು. ಆದುದರಿಂದ ಮೂಲಂಗಿಯ ಬೀಜವನ್ನು ಅರ್ಧಕ್ಕಿಳಿಸಿ, ಅದರೊಡನೆ ಚಳಿಗೆ ಸಾಯದ ರೈ ಧಾನ್ಯವನ್ನು ಬೆರೆಸಿ ಬಿತ್ತುವುದೇ ನನಗೆ ಯುಕ್ತವಾಗಿ ತೋರುತ್ತದೆ. ಮೂಲಂಗಿ ಬಿಟ್ಟುಕೊಟ್ಟ ಸಾರಜನಕವನ್ನು ರೈ ಹೀರುವುದು. ಮಾರ್ಚ್ ತಿಂಗಳಲ್ಲಿ, ಕಾಡಿನಲ್ಲಿ ಇನ್ನೂ ಚಿಗುರಿಲ್ಲದೆ ಜಿಂಕೆಗಳ ಪಕ್ಕೆಲುಬು ಎದ್ದು ಕಾಣುವ ಹೊತ್ತಿನಲ್ಲಿ, ಕೊಳೆತ ಗೆಡ್ಡೆಗಳ ಗುಳಿಗಳ ಸುತ್ತ ಹಸುರಾಗಿ ನಿಂತಿರುವುದೂ ಅದೇ ರೈ.