ಅಷ್ಟವಂಕನ ಹಾಡು, ಗದುಗಿನ ಗವಾಯಿಗಳ ನಾದ

ಕನ್ನಡ ಕಾವ್ಯಪರಂಪರೆಯಲ್ಲಿ ಅಂಗವೈಕಲ್ಯವುಳ್ಳ ಕಲಾವಿದನನ್ನು ಅರಸಿ ಹೊರಟವರಿಗೆ ಮೊದಲು ಎದುರಾಗುವವನು ಜನ್ನನ ‘ಯಶೋಧರ ಚರಿತೆ’ಯ ಮಾವುತ. 1209ರಲ್ಲಿ ರಚಿತವಾದ ಈ ಕಾವ್ಯದಲ್ಲಿ ಆತನ ದೇಹವೇ ಆತನ ಹೆಸರಾಗಿದೆ, ಆತ ಅಷ್ಟವಂಕ. ಎಂಟು ಶತಮಾನಗಳಿಂದ ಓದುಗರು ಆತನ ವಿಕಾರವನ್ನು ನೆನಪಿಟ್ಟುಕೊಂಡಿದ್ದಾರೆ. ಆದರೆ ಆತ ಕಾವ್ಯವನ್ನು ಪ್ರವೇಶಿಸುವುದು ರೂಪದಿಂದಲ್ಲ, ರಾತ್ರಿಯ ಕತ್ತಲಲ್ಲಿ ಗಜಶಾಲೆಯಿಂದ ತೇಲಿಬಂದ ಹಾಡಿನಿಂದ ಎಂಬುದನ್ನು ವಿಮರ್ಶೆ ಸಾಕಷ್ಟು ಗಮನಿಸಿಲ್ಲ. ಅಂಗವಿಕಲ ಕಲಾವಿದನನ್ನು ಕನ್ನಡ ಸಂಸ್ಕೃತಿ ಹೇಗೆ ಕಂಡಿತು, ಹೇಗೆ ಕೇಳಿತು ಎಂಬ ಪ್ರಶ್ನೆಗೆ ಈ ಹಾಡೇ ಆರಂಭಬಿಂದು.

ಕಥೆ ಸುಪರಿಚಿತವಾದುದು. ಉಜ್ಜಯಿನಿಯ ಅರಸ ಯಶೋಧರನ ರಾಣಿ ಅಮೃತಮತಿ ನಿದ್ದೆಯಿಂದೆಚ್ಚತ್ತು ಮಾವುತನ ಗಾನವನ್ನು ಕೇಳಿ ಮನಸೋಲುತ್ತಾಳೆ. ಹಾಡಿದವನನ್ನು ಕಂಡು ಬರಲು ಕೆಳದಿಯನ್ನು ಕಳುಹಿಸುತ್ತಾಳೆ. ಹಿಂದಿರುಗಿದ ಕೆಳದಿ ಅವನ ಅಂಗಾಂಗಗಳನ್ನು ಒಂದೊಂದಾಗಿ ಹೆಸರಿಸಿ ಹೇಸುತ್ತಾಳೆ. ಪ್ರಾಚೀನ ಕಾವ್ಯಗಳ ಅಂಗಾಂಗ ವರ್ಣನೆಯ ಸಂಪ್ರದಾಯವನ್ನು ಜನ್ನ ಇಲ್ಲಿ ಪೂರ್ತಿಯಾಗಿ ತಿರುವಿ ಹಾಕಿದ್ದಾನೆ. ಸೌಂದರ್ಯವನ್ನು ಬಣ್ಣಿಸಲು ರೂಢವಾಗಿದ್ದ ಕ್ರಮವೇ ಕುರೂಪವನ್ನು ಬಣ್ಣಿಸುವ ಉಪಕರಣವಾಗಿದೆ. ಆದರೂ ರಾಣಿಯ ಒಲವು ಕದಲುವುದಿಲ್ಲ. ಕೇಳಿದ್ದನ್ನು ಕಂಡದ್ದು ಅಳಿಸಲಾರದು ಎಂಬುದು ಅವಳ ನಿಲುವು.

ಈ ಭಾಗವನ್ನು ಓದುವಾಗ ನಿರೂಪಣೆಯ ವ್ಯವಸ್ಥೆಯನ್ನು ಮರೆಯಬಾರದು. ಇಡೀ ವೃತ್ತಾಂತವನ್ನು ಮಾರಿದತ್ತನ ಎದುರು ಹೇಳುತ್ತಿರುವವನು ಚಂಡಮಾರಿಗೆ ಬಲಿಯಾಗಲು ಹಿಡಿದು ತಂದ ಬಾಲಕ ಅಭಯರುಚಿ. ಪೂರ್ವಜನ್ಮದಲ್ಲಿ ಅವನೇ ಯಶೋಧರ. ಎಂದರೆ ಮಾವುತನ ಚಿತ್ರ ನಮಗೆ ದೊರೆಯುವುದು ಕೆಳದಿಯ ಬಾಯಿಂದ, ಅದೂ ವಂಚಿತನಾದ ಪತಿಯ ನೆನಪಿನ ಮೂಲಕ. ಮಾವುತ ತನ್ನ ದೇಹದ ಬಗೆಗಾಗಲಿ ತನ್ನ ಕಲೆಯ ಬಗೆಗಾಗಲಿ ಏನು ಭಾವಿಸಿದ್ದನೆಂಬುದಕ್ಕೆ ಕಥೆಯಲ್ಲಿ ಎಡೆಯಿಲ್ಲ. ಆತ ಮುಖ್ಯವಾಗಿ ಮಾಡುವ ಕೆಲಸಗಳು ಎರಡು: ಹಾಡುತ್ತಾನೆ, ತಡವಾಗಿ ಬಂದ ರಾಣಿಯನ್ನು ಹೊಡೆಯುತ್ತಾನೆ. ಎರಡನೆಯದು ಕ್ರೌರ್ಯವೇ, ಅದರಲ್ಲಿ ಸಂಶಯವಿಲ್ಲ. ಆದರೆ ಆ ಕ್ರೌರ್ಯ ದೇಹದ ವಕ್ರತೆಯಿಂದಲೇ ಹುಟ್ಟಿತೆಂಬಂತೆ ಓದಿಕೊಂಡು ಬಂದದ್ದು ಓದುಗವರ್ಗದ ಅಭ್ಯಾಸ.

ಈ ಅಭ್ಯಾಸಕ್ಕೆ ಜೈನ ಕರ್ಮಸಿದ್ಧಾಂತದ ಬೆಂಬಲವಿದೆಯೆ? ‘ಅಂಗವೈಕಲ್ಯ ಪಾಪದ ಫಲ, ಆದ್ದರಿಂದ ಅಂಗವಿಕಲನು ಪಾಪಿ’ ಎಂಬ ಸರಳ ತೀರ್ಮಾನಕ್ಕೆ ಕರ್ಮದ ಹೆಸರನ್ನು ಬಳಸುವುದು ಲೋಕರೂಢಿ. ಶಾಸ್ತ್ರವಾದರೋ ಇದಕ್ಕಿಂತ ಸೂಕ್ಷ್ಮವಾಗಿದೆ. ಜೈನಾಗಮವು ಕರ್ಮವನ್ನು ಘಾತಿ, ಅಘಾತಿ ಎಂದು ವಿಭಾಗಿಸುತ್ತದೆ. ದೇಹದ ಆಕಾರವನ್ನು ನಿರ್ಧರಿಸುವುದು ನಾಮಕರ್ಮ, ಅದು ಅಘಾತಿ. ಆತ್ಮದ ಜ್ಞಾನ, ದರ್ಶನ, ಸಮ್ಯಕ್ತ್ವ, ವೀರ್ಯಗಳನ್ನು ಅದು ಘಾಸಿಗೊಳಿಸುವುದಿಲ್ಲ. ಮನುಷ್ಯನ ನಡತೆಯನ್ನು ಕೆಡಿಸುವುದು ಮೋಹನೀಯ ಕರ್ಮ, ಅದು ಘಾತಿ. ಇವೆರಡರ ಕಾರ್ಯಕ್ಷೇತ್ರಗಳೇ ಬೇರೆ.

ದೇಹದ ಆಕಾರಗಳನ್ನು ಶಾಸ್ತ್ರವು ಸಮಚತುರಸ್ರ, ನ್ಯಗ್ರೋಧಪರಿಮಂಡಲ, ಸ್ವಾತಿ, ಕುಬ್ಜ, ವಾಮನ, ಹುಂಡಕ ಎಂದು ಆರು ಸಂಸ್ಥಾನಗಳಾಗಿ ಗಣಿಸುತ್ತದೆ. ಅವಯವಗಳೆಲ್ಲ ಅಳತೆಗೆಟ್ಟಿರುವುದು ಹುಂಡಕ ಸಂಸ್ಥಾನ. ಅಷ್ಟವಂಕನ ದೇಹ ಈ ಗುಂಪಿಗೆ ಸೇರುತ್ತದೆ. ಚಾವುಂಡರಾಯನ ಸಮಕಾಲೀನರಾದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳ ‘ಗೊಮ್ಮಟಸಾರ’ದ ಪ್ರಕಾರ ಈ ಆರೂ ಸಂಸ್ಥಾನಗಳ ಉದಯ ಹದಿಮೂರನೆಯ ಗುಣಸ್ಥಾನದವರೆಗೂ, ಅಂದರೆ ಸಯೋಗಕೇವಲಿಯವರೆಗೂ ಸಾಧ್ಯ. ಕುಬ್ಜನಾಗಲಿ ವಾಮನನಾಗಲಿ ಹುಂಡಕ ದೇಹಿಯಾಗಲಿ ಕೇವಲಜ್ಞಾನಕ್ಕೆ ಅನರ್ಹನಲ್ಲ ಎಂಬುದೇ ಇದರ ತಾತ್ಪರ್ಯ. ದೇಹವನ್ನು ನೋಡಿ ಚಾರಿತ್ರವನ್ನು ಅಳೆಯುವ ಓದು ಶಾಸ್ತ್ರಸಮ್ಮತವಾದುದಲ್ಲ.

ಜನ್ನನ ಕಾವ್ಯದ ಧರ್ಮತತ್ತ್ವವೂ ದೇಹದ ಮೇಲೆ ನಿಂತಿಲ್ಲ. ಅದು ನಿಂತಿರುವುದು ಸಂಕಲ್ಪಹಿಂಸೆಯ ಮೇಲೆ. ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಯಶೋಧರ ಬಲಿಗೊಟ್ಟದ್ದು ಹಿಟ್ಟಿನ ಕೋಳಿಯನ್ನು. ಕೊಲ್ಲುವ ಬಯಕೆ ನಿಜವಾದ್ದರಿಂದ ತಾಯಿಮಕ್ಕಳಿಬ್ಬರೂ ಜನ್ಮಜನ್ಮಾಂತರಗಳಲ್ಲಿ ತೊಳಲಿದರು. ಸುಂದರಾಂಗನಾದ ಅರಸನೂ ಸಂಕಲ್ಪದೋಷದಿಂದ ಪಾರಾಗಲಿಲ್ಲ. ರೂಪ ಕಾಪಾಡದಿದ್ದರೆ ಕುರೂಪ ಕೆಡಿಸುವುದೂ ಇಲ್ಲ. ಅಷ್ಟವಂಕನ ದೇಹವು ಕಾವ್ಯಕ್ಕೆ ಭೀಭತ್ಸರಸದ ಅಗತ್ಯವಾಗಿತ್ತೇ ಹೊರತು ಧರ್ಮದ ಅಗತ್ಯವಾಗಿರಲಿಲ್ಲ.

ಭಾರತೀಯ ಕಥಾಪರಂಪರೆಯಲ್ಲೇ ಇದಕ್ಕೆ ಪ್ರತಿಯಾದ ಉದಾಹರಣೆ ಇದೆ. ಮಹಾಭಾರತದ ವನಪರ್ವದ ಅಷ್ಟಾವಕ್ರನ ದೇಹವೂ ಎಂಟೆಡೆ ಬಾಗಿದುದೇ. ಬಾಲಕನಾಗಿರುವಾಗಲೇ ಜನಕನ ಯಜ್ಞಶಾಲೆಗೆ ಹೋಗಿ ಬಂದಿಯನ್ನು ವಾದದಲ್ಲಿ ಸೋಲಿಸಿದ ಆತ ಪೂಜ್ಯನಾದ. ಒಂದೇ ಬಗೆಯ ದೇಹ ಒಂದೆಡೆ ಗೌರವವನ್ನೂ ಇನ್ನೊಂದೆಡೆ ಹೇಸಿಗೆಯನ್ನೂ ಪಡೆಯಲು ಕಾರಣವೇನು? ಒಬ್ಬ ಋಷಿಪುತ್ರ, ವಾದಿ. ಇನ್ನೊಬ್ಬ ಲಾಯದ ಆಳು, ಹಾಡುಗಾರ. ದೇಹದ ಅರ್ಥವನ್ನು ನಿರ್ಧರಿಸಿದ್ದು ದೇಹಕ್ಕಿಂತ ಹೆಚ್ಚಾಗಿ ಅವರವರ ಸಾಮಾಜಿಕ ಸ್ಥಾನ. 1980ರಲ್ಲಿ ಗಿರೀಶ ಕಾರ್ನಾಡರು ‘ಹಿಟ್ಟಿನ ಹುಂಜ’ ನಾಟಕವನ್ನು ಬರೆದಾಗ ಮಾವುತ ಕೇವಲ ವರ್ಣನೆಯ ವಸ್ತುವಾಗಿ ಉಳಿಯದೆ ಮಾತನಾಡುವ ಪಾತ್ರವಾದ. ರಂಗಭೂಮಿಯ ಸ್ವಭಾವವೇ ಅದು. ಅಲ್ಲಿ ಯಾರನ್ನೂ ಇನ್ನೊಬ್ಬರ ಬಾಯಲ್ಲಷ್ಟೇ ನಿಲ್ಲಿಸಲಾಗದು.

ಕಾವ್ಯದಲ್ಲಿ ಲಾಯದ ಕತ್ತಲಲ್ಲೇ ಉಳಿದ ಹಾಡಿಗೆ ಇತಿಹಾಸದಲ್ಲಿ ಮನೆಯೊಂದು ದೊರೆತದ್ದು ಗದುಗಿನಲ್ಲಿ. 1892ರಲ್ಲಿ ಹಾನಗಲ್ಲು ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಜನಿಸಿದ ಪಂಚಾಕ್ಷರಿ ಗವಾಯಿಗಳು ಹುಟ್ಟುಗುರುಡರು. ಹಾನಗಲ್ಲಿನ ಕುಮಾರ ಸ್ವಾಮಿಗಳು ಅವರಿಗೆ ಆಶ್ರಯವಿತ್ತು ಸಂಗೀತ ಕಲಿಸಿದರು. ಕರ್ನಾಟಕ, ಹಿಂದೂಸ್ತಾನಿ ಎರಡೂ ಪದ್ಧತಿಗಳಲ್ಲಿ ಪರಿಣತರಾದ ಗವಾಯಿಗಳಿಗೆ ಉಭಯಗಾನ ವಿಶಾರದ ಎಂಬ ಕೀರ್ತಿ ಸಂದಿತು. ಅವರು ಕಟ್ಟಿದ ವೀರೇಶ್ವರ ಪುಣ್ಯಾಶ್ರಮವು ಅಂಧ ಮತ್ತು ಬಡ ಮಕ್ಕಳಿಗೆ ಅನ್ನ, ವಸತಿ, ವಿದ್ಯೆಗಳನ್ನು ಉಚಿತವಾಗಿ ನೀಡಿತು. 1944ರಲ್ಲಿ ಅವರು ತೀರಿಕೊಂಡ ಬಳಿಕ ಹೊಣೆ ಹೊತ್ತವರು ಬಾಲ್ಯದಲ್ಲೇ ದೃಷ್ಟಿ ಕಳೆದುಕೊಂಡಿದ್ದ ಶಿಷ್ಯ ಪುಟ್ಟರಾಜ ಗವಾಯಿಗಳು. 1914ರಲ್ಲಿ ಜನಿಸಿದ ಅವರು 2010ರಲ್ಲಿ ಕೊನೆಯುಸಿರೆಳೆಯುವವರೆಗೆ ಆಶ್ರಮವನ್ನು ನಡೆಸಿದರು. ಹಲವು ವಾದ್ಯಗಳನ್ನು ನುಡಿಸಿದರು. ಕನ್ನಡ, ಸಂಸ್ಕೃತ, ಹಿಂದಿಗಳಲ್ಲಿ ಗ್ರಂಥಗಳನ್ನು ರಚಿಸಿದರು. 2010ರಲ್ಲೇ ಅವರಿಗೆ ಪದ್ಮಭೂಷಣ ಸಂದಿತು.

ಆಶ್ರಮದ ಸಾಧನೆಯನ್ನು ಪವಾಡವೆಂದು ಬಣ್ಣಿಸುವುದು ಸುಲಭ. ಆದರೆ ಅದು ಚರಿತ್ರೆಯ ದೃಷ್ಟಿಯಲ್ಲ. ಗುರುವಿನ ಎದುರು ಕುಳಿತು, ಕೇಳಿ, ನೆನಪಿಟ್ಟು, ಮರಳಿ ಹಾಡುವುದು ನಮ್ಮ ಸಂಗೀತ ಶಿಕ್ಷಣದ ಕ್ರಮ. ಅಲ್ಲಿ ಲಿಪಿ ಅನಿವಾರ್ಯವಲ್ಲ. ಕಿವಿ ಮತ್ತು ಸ್ಮೃತಿಗಳೇ ಗ್ರಂಥ. ಶಾಲೆಯ ಕಪ್ಪುಹಲಗೆಯ ಎದುರು ಕೊರತೆಯೆನಿಸುವ ಅಂಧತ್ವ ತಂಬೂರಿಯ ಪಕ್ಕದಲ್ಲಿ ಕೊರತೆಯಾಗಿ ಉಳಿಯುವುದಿಲ್ಲ. ಯಾವುದು ವೈಕಲ್ಯ ಎಂಬುದನ್ನು ಬಹುಮಟ್ಟಿಗೆ ಕಲಿಸುವ ಕ್ರಮವೇ ನಿರ್ಧರಿಸುತ್ತದೆ ಎಂಬುದನ್ನು ಗದುಗು ತೋರಿಸಿಕೊಟ್ಟಿತು. ಇನ್ನೂ ಮುಖ್ಯವಾದ ಸಂಗತಿ, ಅಲ್ಲಿಗೆ ಕಣ್ಣುಳ್ಳವರೂ ಕಲಿಯಲು ಬಂದರು. ಬಸವರಾಜ ರಾಜಗುರು ಅವರು ಪಂಚಾಕ್ಷರಿ ಗವಾಯಿಗಳ ಶಿಷ್ಯರು, ಎಂ. ವೆಂಕಟೇಶಕುಮಾರ್ ಅವರು ಪುಟ್ಟರಾಜರ ಶಿಷ್ಯರು. ಅಂಧನು ನೆರವು ಬೇಡುವವನು, ಕಣ್ಣುಳ್ಳವನು ನೀಡುವವನು ಎಂಬ ಲೋಕದ ಎಣಿಕೆ ಇಲ್ಲಿ ತಿರುವುಮುರುವಾಯಿತು.

1995ರಲ್ಲಿ ಚಿಂದೋಡಿ ಬಂಗಾರೇಶ್ ಅವರ ನಿರ್ದೇಶನದ ‘ಗಾನಯೋಗಿ ಪಂಚಾಕ್ಷರಿ ಗವಾಯಿ’ ಚಿತ್ರ ಈ ಬದುಕನ್ನು ತೆರೆಗೆ ತಂದಿತು. ಸಂಗೀತ ನಿರ್ದೇಶನಕ್ಕಾಗಿ ಹಂಸಲೇಖ ಅವರಿಗೂ ಹಿನ್ನೆಲೆ ಗಾಯನಕ್ಕಾಗಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರಪ್ರಶಸ್ತಿಗಳು ಸಂದವು. ಕಣ್ಣಿನ ಮಾಧ್ಯಮವಾದ ಸಿನಿಮಾ ಅಂಧ ಗಾಯಕನೊಬ್ಬನ ಕಥೆಯನ್ನು ಹೇಳಿ ಕಿವಿಯ ಕಲೆಗಳಿಗಾಗಿ ಎರಡು ಮನ್ನಣೆಗಳನ್ನು ಪಡೆದುದು ಉಚಿತವೇ ಆಗಿದೆ. ಆದರೂ ಜೀವನಚರಿತ್ರೆಯ ಚಿತ್ರಗಳಿಗೆ ಒಂದು ಅಪಾಯ ತಪ್ಪಿದ್ದಲ್ಲ. ಕುರೂಪವನ್ನು ಹೇಸುವುದು ಒಂದು ಅತಿಯಾದರೆ, ವೈಕಲ್ಯವುಳ್ಳವನನ್ನು ದೈವವಾಗಿಸಿ ದೂರದಿಂದ ಕೈಮುಗಿಯುವುದು ಇನ್ನೊಂದು ಅತಿ. ಎರಡರಲ್ಲೂ ಆತ ಮಾಡಿದ ಕೆಲಸ ಮರೆಯಾಗುತ್ತದೆ. ಗವಾಯಿಗಳನ್ನು ಗೌರವಿಸುವ ಸರಿಯಾದ ರೀತಿ ಅವರ ರಿಯಾಜನ್ನು, ಬೋಧನಕ್ರಮವನ್ನು, ಶಿಷ್ಯಪರಂಪರೆಯನ್ನು ಅಧ್ಯಯನ ಮಾಡುವುದು.

ಜನ್ನನಿಗೂ ಇದೇ ಮಾತು ಸಲ್ಲುತ್ತದೆ. ‘ಯಶೋಧರ ಚರಿತೆ’ಯನ್ನು ಪಾಠ ಹೇಳುವಾಗ ಕೆಳದಿಯ ವರ್ಣನೆಯನ್ನು ವಿವರಿಸಿ ತರಗತಿಯನ್ನು ನಗಿಸುವುದು ಕಷ್ಟವಲ್ಲ. ಅದೇ ತರಗತಿಯ ಬೆಂಚಿನ ಮೇಲೆ ಊರುಗೋಲನ್ನು ಪಕ್ಕಕ್ಕಿಟ್ಟು ಕುಳಿತ ವಿದ್ಯಾರ್ಥಿಯೊಬ್ಬನಿದ್ದರೆ ಆ ನಗೆಯ ಅರ್ಥವೇ ಬೇರೆ. ಕವಿಯನ್ನು ದೂಷಿಸಬೇಕಾಗಿಲ್ಲ, ಪದ್ಯಗಳನ್ನು ಕೈಬಿಡಬೇಕಾಗಿಯೂ ಇಲ್ಲ. ಆ ವರ್ಣನೆಯನ್ನು ಆಡಿದವರು ಯಾರು, ಅದನ್ನು ನಮಗೆ ತಲುಪಿಸಿದವರು ಯಾರು, ನಾಮಕರ್ಮದ ವಿಷಯದಲ್ಲಿ ಶಾಸ್ತ್ರ ಹೇಳಿದ್ದೇನು ಎಂಬ ಮೂರು ಪ್ರಶ್ನೆಗಳನ್ನು ಜೊತೆಗಿಟ್ಟುಕೊಂಡರೆ ಸಾಕು. ಆಗ ಕಾವ್ಯ ಮೊದಲು ಕೇಳಿಸಿದ್ದ ಹಾಡು, ವಿಕಾರದ ವರ್ಣನೆಯ ಅಡಿಯಲ್ಲಿ ಹೂತುಹೋಗದೆ, ಓದುಗನಿಗೂ ಕೇಳಿಸುತ್ತದೆ.